ಎಲೆ ಮುದುಡಿದರೆ ನೀರೇ ಮದ್ದಲ್ಲ

ಹೊಲ-ತೋಟಗಳ ನಡುವೆ ಬೆಳೆದು ಪಟ್ಟಣ ಸೇರಿದ ಕುಟುಂಬಗಳು ಆ ಹಸಿರಿನ ನೆನಪನ್ನು ಒಂದೆರಡು ಕುಂಡಗಳಲ್ಲಿಯಾದರೂ ಉಳಿಸಿಕೊಂಡಿರುವುದು ಸಂತೋಷದ ಸಂಗತಿ. ಅಂಗಳವಿಲ್ಲದ ಮನೆಯಲ್ಲಿಯೂ ಕಿಟಕಿಯ ಬಳಿ ಒಂದು ಮನಿಪ್ಲಾಂಟ್, ಪಡಸಾಲೆಯ ಮೂಲೆಯಲ್ಲಿ ಒಂದು ಸ್ನೇಕ್ ಪ್ಲಾಂಟ್ ಕಾಣಸಿಗುತ್ತವೆ. ಇವುಗಳ ಎಲೆ ಸುರುಳಿಯಾಗತೊಡಗಿತೆಂದರೆ ನಾವು ಮಾಡುವ ಮೊದಲ ಕೆಲಸ ಒಂದು ತಂಬಿಗೆ ನೀರು ಸುರಿಯುವುದು. ಎಷ್ಟೋ ಗಿಡಗಳು ಸಾಯುವುದು ಈ ಅಕ್ಕರೆಯಿಂದಲೇ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ತವರುಮನೆಯಿಂದ ತಂದ ಮನಿಪ್ಲಾಂಟಿನ ಬಳ್ಳಿಯೊಂದು ನಮ್ಮ ಧಾರವಾಡದ ಮನೆಯಲ್ಲಿ ಹಲವು ವರ್ಷ ಸೊಗಸಾಗಿ ಹಬ್ಬಿತ್ತು. ಅವ್ವ ತೀರಿಕೊಂಡ ಮೇಲೆ ಆ ಬಳ್ಳಿಯ ಮೇಲಿನ ಮಮತೆ ಇನ್ನಷ್ಟು ಬೆಳೆಯಿತು. ಒಂದು ಬೇಸಿಗೆಯಲ್ಲಿ ಅದನ್ನು ದೊಡ್ಡ ಕುಂಡಕ್ಕೆ ಬದಲಿಸಿ, ಊರ ಹೊಲದ ಎರೆಮಣ್ಣನ್ನೇ ತರಿಸಿ ತುಂಬಿದೆ. ಬಿಳಿಜೋಳ, ಹತ್ತಿ ಬೆಳೆಯುವ ಮಣ್ಣು. ಒಂದು ಬಳ್ಳಿಗೆ ಸಾಲದೇ ಎಂಬ ಎಣಿಕೆ ನನ್ನದು. ಮಳೆಗಾಲ ಬಂದಾಗ ಎಲೆಗಳು ಮುದುಡಿ ಜೋತುಬಿದ್ದವು. ಬಾಯಾರಿದೆಯೆಂದು ತಿಳಿದು ಬೆಳಿಗ್ಗೆ, ಸಂಜೆ ನೀರೆರೆದೆ. ಎರೆದಷ್ಟೂ ಎಲೆ ಹಳದಿಯಾಗಿ ಉದುರತೊಡಗಿತು.

ಕೊನೆಗೆ ಸಮೀಪದ ಸಸ್ಯಪಾಲನಾ ಕೇಂದ್ರದ ವಯಸ್ಸಾದ ಮಾಲಿಯನ್ನು ಕರೆಸಿದೆ. ಆತ ಎಲೆಯತ್ತ ನೋಡದೆ ಬೆರಳನ್ನು ಮಣ್ಣಿಗೆ ಇಳಿಸಿ, "ಅಕ್ಕಾರ, ಮೊದಲ ಮಣ್ಣ ಮುಟ್ಟಿ ನೋಡ್ರಿ, ಆಮ್ಯಾಲ ನೀರ ಹಾಕ್ರಿ" ಎಂದ. ಬಳ್ಳಿಯನ್ನು ಹೊರತೆಗೆದಾಗ ಬೇರುಗಳು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಕೆಟ್ಟ ವಾಸನೆ ಬರುತ್ತಿತ್ತು. ನೀರಿನಲ್ಲಿಯೇ ನಿಂತ ಗಿಡ ನೀರಿಲ್ಲದೆ ಬಾಡಿತ್ತು!

ಈ ವೈಚಿತ್ರ್ಯದ ಕಾರಣ ಸರಳವಾಗಿದೆ. ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಎರಡೂ ಇರಬೇಕು. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ದೊರೆಯದೆ ಬೇರು ಸೊರಗುತ್ತದೆ. ಆಗ ಶಿಲೀಂಧ್ರದಂತಹ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ನೀರು ಕಡಿಮೆಯಾದರೂ ಎಲೆ ಮುದುಡುತ್ತದೆ, ಹೆಚ್ಚಾದರೂ ಮುದುಡುತ್ತದೆ. ಎರೆಮಣ್ಣಿನ ಕಣಗಳು ಅತಿ ಸಣ್ಣವು. ತೇವವನ್ನು ಬಹುಕಾಲ ಹಿಡಿದಿಡುವ ಅದರ ಗುಣ ಹಿಂಗಾರಿಯ ಹೊಲಕ್ಕೆ ವರವಾದರೆ, ಕುಂಡಕ್ಕೆ ಶಾಪವಾಗುತ್ತದೆ.

ಭೇದವನ್ನು ಅರಿಯುವ ಬಗೆ

ಎಲೆ ಮುದುಡಿದಾಗ ಮೊದಲು ಬೆರಳನ್ನು ಎರಡು ಅಂಗುಲ ಆಳಕ್ಕೆ ಇಳಿಸಿ ನೋಡಬೇಕು. ಮೇಲ್ಮಣ್ಣು ಒಣಗಿದ್ದರೂ ಒಳಗೆ ಕೆಸರಿರಬಹುದು. ದೊಡ್ಡ ಕುಂಡವಾದರೆ ಒಣ ಕಟ್ಟಿಗೆಯ ಕಡ್ಡಿಯನ್ನು ಚುಚ್ಚಿ, ಹತ್ತು ನಿಮಿಷದ ಬಳಿಕ ತೆಗೆದರೆ ಅದಕ್ಕೆ ಅಂಟಿದ ಮಣ್ಣು ತೇವದ ಸಾಕ್ಷಿ ಹೇಳುತ್ತದೆ. ಸಣ್ಣ ಕುಂಡವನ್ನು ಎತ್ತಿ ನೋಡಿದರೂ ಸಾಕು. ಒಣಗಿದ ಕುಂಡ ಹಗುರವಾಗಿರುತ್ತದೆ.

ಮಣ್ಣು ಒಣಗಿ ಕುಂಡದ ಅಂಚನ್ನು ಬಿಟ್ಟಿದ್ದು, ಎಲೆಯ ಅಂಚು ಗರಿಗರಿಯಾಗಿದ್ದರೆ ಅದು ಬಾಯಾರಿಕೆ. ಮಣ್ಣು ಒದ್ದೆಯಾಗಿದ್ದು, ಕೆಳಗಿನ ಎಲೆಗಳು ಹಳದಿಯಾಗಿ, ಕಾಂಡದ ಬುಡ ಮೆತ್ತಗಾಗಿದ್ದರೆ ಅದು ನೀರಿನ ಅತಿರೇಕ. ಸಂಶಯವಿದ್ದರೆ ಗಿಡವನ್ನು ಮೆಲ್ಲನೆ ಹೊರತೆಗೆದು ಬೇರನ್ನು ಪರೀಕ್ಷಿಸಬಹುದು. ಆರೋಗ್ಯವಂತ ಬೇರು ಸಾಮಾನ್ಯವಾಗಿ ತಿಳಿಬಣ್ಣದ್ದಾಗಿ ಗಟ್ಟಿಯಾಗಿರುತ್ತದೆ.

ಮಣ್ಣಿನ ತೇವ ಸರಿಯಾಗಿದ್ದೂ ಎಲೆ ಸುರುಳಿಯಾಗುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಪಶ್ಚಿಮದ ಕಿಟಕಿಯ ಬಿಸಿಲು, ಫ್ಯಾನು ಅಥವಾ ಎ.ಸಿ.ಯ ನೇರ ಗಾಳಿ ಎಲೆಯನ್ನು ಒಣಗಿಸುತ್ತವೆ. ಎಲೆಯನ್ನು ತಿರುವಿದಾಗ ಸಣ್ಣ ಚುಕ್ಕೆ, ತೆಳು ಬಲೆ ಕಂಡರೆ ಅದು ನುಸಿಯ ಕಾಟ. ಚಿಗುರು ಮಾತ್ರ ಸುರುಟಿಕೊಂಡಿದ್ದರೆ ಹೇನು ಅಥವಾ ಥ್ರಿಪ್ಸ್ ಕೀಟವಿರಬಹುದು. ಎಲೆಗಳನ್ನು ನೀರಿನಿಂದ ತೊಳೆದು, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಹಾಗೂ ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಕೊಳವೆಬಾವಿಯ ಗಡಸುನೀರನ್ನೇ ಎರೆಯುವವರ ಕುಂಡಗಳಲ್ಲಿ ಮಣ್ಣಿನ ಮೇಲೆ ಬಿಳಿಯ ಲವಣದ ಪೊರೆ ಕಾಣುತ್ತದೆ. ಎಲೆಯ ತುದಿಯೂ ಸುಡುತ್ತದೆ. ಅಂತಹ ಗಿಡಕ್ಕೆ ಮಳೆನೀರು ಅಮೃತಸಮಾನ.

ನೀರೆರೆಯುವ ಕ್ರಮ

ದಿನವೂ ಒಂದೊಂದು ಲೋಟ ನೀರು ಹಾಕುವ ರೂಢಿ ಒಳ್ಳೆಯದಲ್ಲ. ಬೇಕಾದಾಗ ತಳದ ರಂಧ್ರದಿಂದ ಹೊರಬರುವಷ್ಟು ನೀರುಣಿಸಿ, ಮತ್ತೆ ಬೇಕಾಗುವವರೆಗೆ ಕಾಯಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಬೇಕು. ಡೆಂಗ್ಯೂ ಹರಡುವ ಸೊಳ್ಳೆ ಮರಿಮಾಡುವುದು ಇಂತಹ ನೀರಿನಲ್ಲಿಯೇ ಎಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು. ತೆಂಗಿನನಾರಿನ ಪುಡಿ ಬೆರೆತ ಮಣ್ಣು ಪೂರ್ತಿ ಒಣಗಿದರೆ ಮೇಲಿನಿಂದ ಎರೆದ ನೀರು ಅಂಚಿನಲ್ಲಿ ಜಾರಿ ಹೋಗುತ್ತದೆ; ಆಗ ಕುಂಡವನ್ನು ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಟ್ಟು ತಳದಿಂದ ನೀರು ಕುಡಿಸಬೇಕು.

ಗಿಡದ ಮೂಲವನ್ನು ನೆನೆದರೆ ಅದರ ಬಾಯಾರಿಕೆಯೂ ತಿಳಿಯುತ್ತದೆ. ಮನಿಪ್ಲಾಂಟ್ ಶಾಂತಸಾಗರದ ದ್ವೀಪದ ಮಳೆಕಾಡಿನದು; ಮೇಲಿನ ಎರಡು ಅಂಗುಲ ಒಣಗಿದಾಗ ಅದಕ್ಕೆ ನೀರು ಬೇಕು. ಪಶ್ಚಿಮ ಆಫ್ರಿಕದ ಸ್ನೇಕ್ ಪ್ಲಾಂಟ್ ದಪ್ಪ ಎಲೆಯಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ಅದಕ್ಕೆ ನೀರು. ಎರಡು ಮೂರು ವಾರಕ್ಕೊಮ್ಮೆಯಾದರೂ ಸಾಕು. ಮಳೆಗಾಲದಲ್ಲಿ ಎಲ್ಲ ಗಿಡಗಳಿಗೂ ನೀರನ್ನು ತಗ್ಗಿಸಬೇಕು.

ಕುಂಡಕ್ಕೆ ಕೆಂಪುಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ದಪ್ಪ ಮರಳು ಸಮಭಾಗವಾಗಿ ಬೆರೆಸಿದರೆ ಸಾಕು. ತಳದಲ್ಲಿ ಜಲ್ಲಿ ಹರಡಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ಸರಿಯಲ್ಲ. ಸಣ್ಣ ಕಣದ ಮಣ್ಣಿನಿಂದ ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ ಅದರ ಮೇಲೆಯೇ ನಿಂತು, ಬೇರಿನ ಬಳಿ ಒದ್ದೆ ಪದರ ಉಂಟಾಗುತ್ತದೆ. ಬೇಕಾದುದು ತೆರೆದ ರಂಧ್ರ, ಸಡಿಲ ಮಣ್ಣು.

ನನ್ನ ಬಳ್ಳಿಯ ವಿಷಯಕ್ಕೆ ಬಂದರೆ, ಬೇರೆಲ್ಲ ಹೋಗಿದ್ದರೂ ತುದಿಯ ಒಂದು ಗೇಣು ಹಸಿರಾಗಿತ್ತು. ಮಾಲಿ ಅದನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿಟ್ಟು, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಲು ಹೇಳಿ ಹೋದ. ಮೂರು ವಾರಗಳಲ್ಲಿ ಬಿಳಿಯ ಬೇರುಗಳು ಮೂಡಿದವು. ಇಂದು ನಮ್ಮ ಪಡಸಾಲೆಯ ಕಿಟಕಿಗೆ ಹಬ್ಬಿರುವುದು ಅವ್ವ ಕೊಟ್ಟ ಅದೇ ಬಳ್ಳಿ. ಈಗ ಎಲೆ ಮುದುಡಿದರೆ ತಂಬಿಗೆಗೆ ಕೈ ಚಾಚುವ ಮೊದಲು ಮಣ್ಣಿಗೆ ಬೆರಳು ಇಳಿಸುತ್ತೇನೆ. ಓದುಗ ಸೋದರಿಯರೂ ಹಾಗೆಯೇ ಮಾಡಲಿ ಎಂಬುದು ನನ್ನ ಹಾರೈಕೆ.