ಒಗೆಯುವ ಯಂತ್ರದ ಕಂಪನ

ಅಡಿಗೆಮನೆಯ ಕಟ್ಟೆಯ ಕೆಳಗೆ ಹೊಸದಾಗಿ ಕೂರಿಸಿದ ಮುಂಬಾಗಿಲಿನ ಒಗೆಯುವ ಯಂತ್ರವು, ಬಟ್ಟೆ ಹಿಂಡುವಾಗ ಗೋಡೆಯೂ ನಡುಗುವಂತೆ ಅದುರಿದರೆ, ರಬ್ಬರಿನ ಹಾಸು ತರಲು ಅಂಗಡಿಗೆ ಓಡಿ ಪ್ರಯೋಜನವಿಲ್ಲ. ತತ್‌ಕ್ಷಣ ವಿದ್ಯುತ್ತನ್ನು ನಿಲ್ಲಿಸಿ, ಯಂತ್ರವನ್ನು ಈಚೆಗೆಳೆದು ಅದರ ಬೆನ್ನನ್ನು ನೋಡತಕ್ಕದ್ದು. ಒಳಗಿನ ಡ್ರಮ್ಮು ಸ್ಪ್ರಿಂಗುಗಳಿಂದ ತೂಗುವಂಥದು. ಸಾಗಣೆಯಲ್ಲಿ ಅದು ತೊನೆಯದಿರಲೆಂದು ಕಾರ್ಖಾನೆಯವರು ಹಿಂಬದಿಯಿಂದ ಮೂರು ನಾಲ್ಕು ಉದ್ದನೆಯ ಬೋಲ್ಟುಗಳನ್ನು ಬಿಗಿದಿರುತ್ತಾರೆ. ಕೂರಿಸಲು ಬಂದವರು ಅವಸರದಲ್ಲಿ ಅವನ್ನು ಮರೆಯುವುದುಂಟು. ತೆಗೆಯದೆ ನಡೆಸಿದರೆ, ನಿಮಿಷಕ್ಕೆ 1000 ಸುತ್ತು ತಿರುಗುವ ಡ್ರಮ್ಮಿನ ಅದುರಾಟವೆಲ್ಲ ಯಂತ್ರದ ಮೈಗೇ ತಗುಲಿ, ಬಹುಬೇಗ ಕೆಟ್ಟುಹೋಗುವುದು. ತೆಗೆದವನ್ನು ಜೋಪಾನವಾಗಿಡಿರಿ, ಮನೆ ಬದಲಾಯಿಸುವಾಗ ಮತ್ತೆ ಬೇಕಾಗುವುವು.

ಬಳಿಕ ರಸಮಟ್ಟವಿಟ್ಟು ನಾಲ್ಕು ಕಾಲುಗಳನ್ನೂ ಸಮಮಾಡಿ ನಟ್ಟುಗಳನ್ನು ಬಿಗಿಯಬೇಕು. ಯಂತ್ರದ ಮೈ ಅಕ್ಕಪಕ್ಕದ ಹಲಗೆಗೆ ತಾಗಕೂಡದು. ಆಮೇಲೂ ಅದುರಿದರೆ, ಒಂಟಿ ಕಂಬಳಿಯೇನಾದರೂ ಒಳಗೆ ಮುದ್ದೆಗಟ್ಟಿದೆಯೇ ನೋಡಿರಿ.