ಹಾವಿನ ಉಪವಾಸ

ಅಮೆರಿಕ ಮತ್ತು ಯೂರೋಪುಗಳಲ್ಲಿ ಹಾವನ್ನು ಸಾಕುವವರು ಅನೇಕರಿದ್ದಾರೆ. ಅವರಿಗೆ ಅಚ್ಚುಮೆಚ್ಚಾದುದು ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಈ ಹೆಸರು. ಈ ಸಾಧುಪ್ರಾಣಿಯು ಕೆಲವೊಮ್ಮೆ ಕೊಟ್ಟ ಆಹಾರವನ್ನು ಮುಟ್ಟದೆ ತಿಂಗಳುಗಟ್ಟಲೆ ಉಪವಾಸವಿದ್ದುಬಿಡುತ್ತದೆ. ಆಗ ಸಾಕಿದವನು ಗಾಬರಿಗೊಂಡು, ಅದರ ಬಾಯನ್ನು ತೆರೆದು ಇಲಿಯನ್ನು ತುರುಕಲು ಹೊರಡುವುದುಂಟು. ಇದು ಕರುಣೆಯ ಹೆಸರಿನಲ್ಲಿ ನಡೆಯುವ ಹಿಂಸೆಯೆಂದೇ ನನ್ನ ಅಭಿಪ್ರಾಯ.

ನಮ್ಮ ಹಸಿವಿನಿಂದ ಹಾವಿನ ಹಸಿವನ್ನು ಅಳೆಯುವುದೇ ಇಲ್ಲಿನ ಮೂಲದೋಷ. ನಾವು ಉಣ್ಣುವ ಅನ್ನದ ಶಕ್ತಿಯಲ್ಲಿ ದೊಡ್ಡ ಪಾಲು ದೇಹವನ್ನು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೆಚ್ಚಗಿರಿಸುವುದಕ್ಕೇ ವ್ಯಯವಾಗುತ್ತದೆ. ಹಾವಿಗೆ ಈ ವೆಚ್ಚವಿಲ್ಲ. ತನಗೆ ಬೇಕಾದ ಶಾಖವನ್ನು ಅದು ನೆಲ, ಗಾಳಿ, ಬಿಸಿಲುಗಳಿಂದ ಪಡೆಯುತ್ತದೆ. ಆದುದರಿಂದಲೇ ಅದು ದೀರ್ಘಕಾಲ ಉಪವಾಸವಿರಬಲ್ಲದು.

ಆದರೆ ಉಂಡದ್ದು ಅರಗಬೇಕಾದರೆ ಹೊರಗಿನ ಶಾಖ ಬೇಕೇ ಬೇಕು. ಬರ್ಮಾದ ಹೆಬ್ಬಾವು ದೊಡ್ಡ ಬೇಟೆಯೊಂದನ್ನು ನುಂಗಿದ ಕೆಲವೇ ದಿನಗಳಲ್ಲಿ ಅದರ ಸಣ್ಣ ಕರುಳಿನ ತೂಕ ಸುಮಾರು ಇಮ್ಮಡಿಯಾಗುತ್ತದೆ. ಆಮ್ಲಜನಕದ ಬಳಕೆ ಹತ್ತಾರು ಪಟ್ಟು ಏರುತ್ತದೆ. ಶಾಖ ಸಾಲದಿದ್ದರೆ ನುಂಗಿದ ಬೇಟೆಯು ಹೊಟ್ಟೆಯಲ್ಲಿಯೇ ಕೊಳೆಯಬಹುದು. ಗೂಡು ತಣ್ಣಗಿರುವಾಗ ಹಾವು ಬಾಯಿ ಮುಚ್ಚಿಕೊಂಡಿರುವುದು ಹಟವಲ್ಲ, ಆತ್ಮರಕ್ಷಣೆ.

ಇನ್ನೊಂದು ಸಂಗತಿಯೂ ಉಂಟು. ಈ ಹಾವಿನ ತುಟಿಯಂಚಿನಲ್ಲಿರುವ ಕುಳಿಗಳು ಅವಕೆಂಪು ಕಿರಣಗಳನ್ನು, ಎಂದರೆ ಬೇಟೆಯ ಮೈಯ ಕಾವನ್ನು, ಗ್ರಹಿಸುತ್ತವೆ. ಶೀತಪೆಟ್ಟಿಗೆಯಿಂದ ತೆಗೆದ ಸತ್ತ ಇಲಿಯು ಸುತ್ತಲಿನ ಗಾಳಿಯಷ್ಟೇ ತಣ್ಣಗಿದ್ದರೆ, ಆ ಕುಳಿಗಳ ಪಾಲಿಗೆ ಅದು ಇದ್ದೂ ಇಲ್ಲದಂತೆ. ಇದಲ್ಲದೆ ಪೊರೆ ಬಿಡುವ ಸಮಯ, ಬೆದೆಗಾಲ, ಹೊಸ ಜಾಗ, ಅಡಗಲು ಮರೆಯಿಲ್ಲದಿರುವುದು, ಬಾಯಿಹುಣ್ಣು, ಹೊಟ್ಟೆಯ ಹುಳು, ಇವೂ ಕಾರಣವಾಗಬಹುದು.

ಹೀಗಿರುವಾಗ ಮೊದಲು ಬೇಕಾದುದು ಇಕ್ಕಳವಲ್ಲ. ಉಷ್ಣಮಾಪಕ ಮತ್ತು ತಕ್ಕಡಿ. ಗೂಡಿನ ಒಂದು ಕೊನೆ ಸುಮಾರು 32 ಡಿಗ್ರಿಯಷ್ಟು ಬೆಚ್ಚಗೂ ಇನ್ನೊಂದು ಕೊನೆ ಸುಮಾರು 26 ಡಿಗ್ರಿಯಷ್ಟು ತಂಪಾಗಿಯೂ ಇರಲಿ. ವಾರಕ್ಕೊಮ್ಮೆ ಹಾವನ್ನು ತೂಗಲಿ. ತೂಕ ಇಳಿಯದೆ ಹಾವು ಲವಲವಿಕೆಯಿಂದಿದ್ದರೆ ಕಾದು ನೋಡಬಹುದು; ಹತ್ತರಲ್ಲೊಂದು ಪಾಲು ಇಳಿದರೆ, ಅಥವಾ ರೋಗಲಕ್ಷಣ ಕಂಡರೆ, ಪಶುವೈದ್ಯರ ಬಳಿಗೆ ಒಯ್ಯಬೇಕು.

ನಮ್ಮ ದೇಶದ ಹಾವುಗಳನ್ನು ಹಿಡಿದು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ, ಅದು ಸರಿಯೇ. ಹಾಗಾದರೆ ಈ ವಿಚಾರ ನಮಗೇಕೆಂದು ವಾಚಕರು ಕೇಳಬಹುದು. ನಾಗರಪಂಚಮಿಯಂದು ಹಾವಾಡಿಗನ ಬುಟ್ಟಿಯ ಹಾವಿಗೆ ಹಾಲೆರೆಯುವವರು ಮಾಡುವುದೂ ಇದೇ ತಪ್ಪನ್ನು. ಹಾಲು ಹಾವಿನ ಆಹಾರವಲ್ಲ. ನೀರು ಕಾಣದೆ ಬಾಯಾರಿದ ಹಾವು ಅದನ್ನು ಕುಡಿದೀತು, ಅರಗಿಸಿಕೊಳ್ಳಲಾರದು. ಉಣಿಸಲು ಮುಂದಾಗುವ ಮುನ್ನ ಆ ಜೀವಿಗೆ ಬೇಕಾದುದೇನೆಂದು ತಿಳಿಯುವುದೇ ನಿಜವಾದ ದಯೆ.