ಕಾಲೇಜಿಗೂ ಬರಲಿ ಮಧ್ಯಾಹ್ನದ ಊಟ

ಕಾಲೇಜು ಸೇರಿದ ಮೊದಲ ವರ್ಷವೇ ಮಕ್ಕಳು 15 ಪೌಂಡ್, ಅಂದರೆ ಏಳು ಕಿಲೋದಷ್ಟು ದಪ್ಪಗಾಗುತ್ತಾರೆ ಎಂಬುದು ಅಮೆರಿಕದಲ್ಲಿ ಹುಟ್ಟಿ ಲೋಕವೆಲ್ಲ ಹಬ್ಬಿದ ಮಾತು. ತೂಗಿ ನೋಡಿದವರಿಗೆ ಅಷ್ಟು ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಐದು ತಿಂಗಳಲ್ಲಿ ಕೂಡಿದ ತೂಕ ಸರಾಸರಿ 1.36 ಕಿಲೋ. ಆದರೆ ಹತ್ತರಲ್ಲಿ ಆರು ವಿದ್ಯಾರ್ಥಿಗಳ ತೂಕ ಏರಿತ್ತು, ಆ ಆರು ಮಂದಿಯ ಸರಾಸರಿ 3.38 ಕಿಲೋ. 1.36 ಕಿಲೋವನ್ನು ಐದು ತಿಂಗಳ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 70 ಕ್ಯಾಲೊರಿ ಬರುತ್ತದೆ. ಮೂರೂವರೆ ಚಮಚ ಸಕ್ಕರೆಯಷ್ಟು. ಇದು ಹೊಟ್ಟೆಬಾಕತನದ ಲೆಕ್ಕವಲ್ಲ, ದಿನಚರಿ ತುಸುವೇ ಹಳಿ ತಪ್ಪಿದ ಲೆಕ್ಕ. ಹಾಗಾಗಿ ಕೋಲಾರ ಜಿಲ್ಲೆಯ ಬಂಗಾರಪೇಟೆ, ಕೆಜಿಎಫ್ ಭಾಗದ ಮಕ್ಕಳ ವಿಚಾರದಲ್ಲೂ ಮೊದಲು ಕೇಳಬೇಕಾದದ್ದು ಅವರು ಎಷ್ಟು ತಿನ್ನುತ್ತಾರೆ ಎಂದಲ್ಲ; ಯಾವ ಹೊತ್ತಿಗೆ, ಎಲ್ಲಿ, ಏನು ತಿನ್ನಲು ಸಿಗುತ್ತದೆ ಎಂದು.

2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯ ಬದುಕು ರೈಲಿನ ವೇಳೆಗೆ ಹೊಂದಿಕೊಂಡಿದೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲದಲ್ಲಿ ಹತ್ತಿದವರು ಬಂಗಾರಪೇಟೆ ಜಂಕ್ಷನ್ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅದೇ ಗಾಡಿಯಲ್ಲಿ ಓದುವ ಮಕ್ಕಳೂ ಇರುತ್ತಾರೆ. ಸುತ್ತಲ ಹಳ್ಳಿಗಳಿಂದ ಬಂಗಾರಪೇಟೆಗೋ ಕೋಲಾರಕ್ಕೋ ಬಸ್ಸಿನಲ್ಲಿ ಬರುವವರದೂ ಇದೇ ಪಾಡು. ನಸುಕಿನಲ್ಲೇ ಮನೆ ಬಿಡುವಾಗ ಅಡುಗೆ ಆಗಿರುವುದಿಲ್ಲ. ಬೆಳಗಿನ ತಿಂಡಿ ಬಿಟ್ಟರೆ ಅಷ್ಟರಿಂದಲೇ ಯಾರೂ ದಪ್ಪಗಾಗುವುದಿಲ್ಲ. ತಿಂಡಿಯ ಜಾಗಕ್ಕೆ ಬರುವ ಟೀ, ಬಿಸ್ಕತ್ತು, ಪಫ್ಸ್, ಕುರುಕಲು ಪೊಟ್ಟಣ, ತಂಪು ಪಾನೀಯಗಳದ್ದೇ ತೊಂದರೆ. ಸಿಹಿ ಪಾನೀಯದ ಕಾಲು ಲೀಟರ್ ಬಾಟಲಿಯಲ್ಲೇ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ಅಷ್ಟರೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರ ಮೇಲೆ ನಿದ್ದೆಗೇಡು ಬೇರೆ. ಷಿಕಾಗೊದ ಸಂಶೋಧಕರು 2004ರಲ್ಲಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ ಅವರ ಹಸಿವು ಶೇ 24ರಷ್ಟು ಹೆಚ್ಚಿತು, ಬಾಯಿ ಬಯಸಿದ್ದು ಸಿಹಿ ಮತ್ತು ಕುರುಕಲನ್ನೇ. ರಾತ್ರಿ ಮೊಬೈಲ್ ಹಿಡಿದು ತಡವಾಗಿ ಮಲಗಿ, ರೈಲಿಗಾಗಿ ಬೇಗ ಏಳುವ ಹುಡುಗ ಹುಡುಗಿಯರ ದೇಹದಲ್ಲಿ ಬೇರೇನು ನಡೆದೀತು?

ಊಟದ ರೂಢಿಯ ಈ ಬದಲಾವಣೆ ಎಲ್ಲಿಂದ ಶುರುವಾಗುತ್ತದೆಂದು ಹುಡುಕಿದರೆ ನಮ್ಮ ವ್ಯವಸ್ಥೆಯಲ್ಲೇ ಒಂದು ಬಿರುಕು ಕಾಣುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ಬಿಸಿಯೂಟವಿದೆ; 2013ರಿಂದ ಕ್ಷೀರಭಾಗ್ಯದ ಹಾಲಿದೆ; ಈಚೆಗೆ ಮೊಟ್ಟೆ, ಬಾಳೆಹಣ್ಣು ಸೇರಿವೆ. ಎಸ್ಸೆಸ್ಸೆಲ್ಸಿ ಮುಗಿದು ಪ್ರಥಮ ಪಿಯುಗೆ ಕಾಲಿಟ್ಟ ದಿನವೇ ಇವೆಲ್ಲ ನಿಲ್ಲುತ್ತವೆ. ಶಾಲೆಯ ಸುತ್ತ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಮಾಡಿದ ನಿಯಮವೂ ಶಾಲೆಗಷ್ಟೇ. ಪದವಿ ಕಾಲೇಜಿಗೆ ಬರುವ ಹೊತ್ತಿಗಂತೂ ಆಟದ ಅವಧಿಯೂ ವೇಳಾಪಟ್ಟಿಯಿಂದ ಬಹುಮಟ್ಟಿಗೆ ಜಾರಿಹೋಗಿರುತ್ತದೆ. ದೇಹ ಇನ್ನೂ ಬೆಳೆಯುತ್ತಿರುವಾಗಲೇ ಊಟ, ಹಾಲು, ಆಟ ಮೂರೂ ಕೈಬಿಟ್ಟರೆ ಅದನ್ನು ಮಕ್ಕಳ ಅಶಿಸ್ತು ಎನ್ನುವುದು ಅನ್ಯಾಯ.

ಬಡಕುಟುಂಬಗಳೇ ಹೆಚ್ಚಿರುವ ಈ ಭಾಗದಲ್ಲಿ ಬೊಜ್ಜಿನ ಮಾತೇಕೆ, ಸೊರಗಿದ ಮಕ್ಕಳ ಬಗ್ಗೆ ಮಾತಾಡಿ ಎಂಬ ಆಕ್ಷೇಪಕ್ಕೆ ತೂಕವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 17 ಮಂದಿ ತೀರಾ ತೆಳ್ಳಗಿದ್ದರು, ಸುಮಾರು ಶೇ 30 ಮಂದಿಗೆ ಅಧಿಕ ತೂಕವಿತ್ತು, ಶೇ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಈ ಅಂಕಿಗಳನ್ನು ಒಟ್ಟಿಗಿಟ್ಟು ಓದಬೇಕು. ಸತ್ವವಿಲ್ಲದ ತಿನಿಸಿನಿಂದ ಹೊಟ್ಟೆ ತುಂಬಿಸಿಕೊಂಡರೆ ಒಬ್ಬಳು ಸೊರಗುತ್ತಾಳೆ, ಇನ್ನೊಬ್ಬಳು ಊದಿಕೊಳ್ಳುತ್ತಾಳೆ, ಇಬ್ಬರಲ್ಲೂ ಕಬ್ಬಿಣಾಂಶ ಕಡಿಮೆಯಾಗುತ್ತದೆ. ಮೇಲಾಗಿ ನಮ್ಮವರು ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸಿಕೊಳ್ಳುತ್ತಾರೆ ಎಂಬುದನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆ ತೋರಿಸಿದೆ. ಮಧುಮೇಹ ಬೇಗ ಬರುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಸೊರಗಿದವರಿಗೂ ದಪ್ಪಗಾದವರಿಗೂ ಬೇಕಿರುವ ಮದ್ದು ಒಂದೇ: ಹೊತ್ತಿಗೆ ಸರಿಯಾಗಿ ಒಂದು ಒಳ್ಳೆಯ ಊಟ.

ಹದಿನೆಂಟು ತುಂಬಿದವರು ತಮ್ಮ ಆರೋಗ್ಯ ತಾವೇ ನೋಡಿಕೊಳ್ಳಲಿ, ಮನೆಯಿಂದ ಡಬ್ಬಿ ತರಲಿ ಎನ್ನುವವರಿದ್ದಾರೆ. ತರಬಲ್ಲವರು ತರುತ್ತಲೇ ಇದ್ದಾರೆ. ತಾಯಿಯೂ ಬೆಳಗಿನ ರೈಲಿಗೇ ಗಾರ್ಮೆಂಟ್ಸಿಗೋ ಮನೆಗೆಲಸಕ್ಕೋ ಹೊರಡುವ ಮನೆಯಲ್ಲಿ ಡಬ್ಬಿ ಕಟ್ಟುವವರು ಯಾರು? ಕಾಲೇಜಿನ ಆಸುಪಾಸಿನಲ್ಲಿ ಕೈಗೆಟಕುವ ದರಕ್ಕೆ ಕರಿದದ್ದು, ಸಿಹಿಯದ್ದು ಮಾತ್ರ ಸಿಗುವಾಗ ಆಯ್ಕೆ ಎಂಬುದು ಬರೀ ಹೆಸರಿಗೆ. ಹಾಗೆಂದು ಬಂಗಾರಪೇಟೆಗೆ ಹೆಸರು ತಂದ ತಿಳಿನೀರಿನ ಪಾನಿಪೂರಿಯ ಗಾಡಿಗಳನ್ನು ದೂರಬೇಕಿಲ್ಲ. ಸಂಜೆ ಬಾಯಿ ರುಚಿಗೆ ಒಂದು ಪ್ಲೇಟ್ ತಿಂದರೆ ಯಾರ ಆರೋಗ್ಯವೂ ಕೆಡದು. ಮಧ್ಯಾಹ್ನದ ಊಟವೇ ಇಲ್ಲದೆ ಅದೇ ಊಟವಾದಾಗ ಕೆಡುತ್ತದೆ.

ಉಳಿದದ್ದು ಖರ್ಚಿನ ಪ್ರಶ್ನೆ. ಕೆಜಿಎಫ್‌ನ ಗಡಿಯಾಚೆಗೇ ಇರುವ ಆಂಧ್ರಪ್ರದೇಶ 2025ರ ಜನವರಿಯಲ್ಲಿ ಸರ್ಕಾರಿ ಜೂನಿಯರ್ ಕಾಲೇಜುಗಳಿಗೂ ಮಧ್ಯಾಹ್ನದ ಊಟ ವಿಸ್ತರಿಸಿತು. ಅಲ್ಲಿನ ಜೂನಿಯರ್ ಕಾಲೇಜೆಂದರೆ ನಮ್ಮ ಪಿಯು. ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗದು? ರಾಗಿ, ಹಾಲು, ತರಕಾರಿ ಮೂರನ್ನೂ ಉತ್ಪಾದಿಸಿ ಬೆಂಗಳೂರಿಗೆ ಕಳಿಸುವ ಕೋಲಾರ ಜಿಲ್ಲೆಯಿಂದಲೇ ಇದು ಪ್ರಾಯೋಗಿಕವಾಗಿ ಶುರುವಾಗಲಿ. ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಮುದ್ದೆ, ಸೊಪ್ಪು-ಕಾಳಿನ ಸಾರು, ಮೊಟ್ಟೆ ಅಥವಾ ಹಾಲು ಸಿಗಲಿ. ಪದವಿ ಕಾಲೇಜುಗಳಲ್ಲಿ ಇಂದಿರಾ ಕ್ಯಾಂಟೀನಿನ ದರಕ್ಕೆ ಅದೇ ಊಟ ಸಿಗಲಿ. ಉಣ್ಣಲು ಮುಕ್ಕಾಲು ಗಂಟೆ, ವಾರಕ್ಕೆ ಮೂರು ಬಾರಿ ಮೈದಾನಕ್ಕಿಳಿಯಲು ಒಂದು ಅವಧಿ ವೇಳಾಪಟ್ಟಿಯಲ್ಲೇ ಇರಲಿ. ಜೂನ್‌ನಲ್ಲಿ ಸೇರಿದವರ ತೂಕ, ಹಿಮೋಗ್ಲೋಬಿನ್ ನೋಡಿ ಮಾರ್ಚ್‌ನಲ್ಲಿ ಮತ್ತೆ ನೋಡಿದರೆ ಹಣ ಸಾರ್ಥಕವಾಯಿತೋ ಇಲ್ಲವೋ ಒಂದೇ ವರ್ಷದಲ್ಲಿ ತಿಳಿಯುತ್ತದೆ. ಹತ್ತು ವರ್ಷ ಶಾಲೆಯಲ್ಲಿ ಉಣಿಸಿ ಬೆಳೆಸಿದ ಮಕ್ಕಳನ್ನು ಹನ್ನೊಂದನೇ ವರ್ಷ ಬೇಕರಿಯ ಬಾಗಿಲಿಗೆ ಬಿಟ್ಟು, ನಲವತ್ತಕ್ಕೇ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವುದಕ್ಕಿಂತ ಇದು ಅಗ್ಗ, ಮಾನವೀಯವೂ ಹೌದು.